ಗಟಾರಕ್ಕೆ ಹೋದ ಪಾದರಸ, ತಟ್ಟೆಗೆ ಬಂದ ಮೀನು

ಪ್ರಶ್ನೆ: ಸರ್, ಹೋದ ತಿಂಗಳು ಮಗನಿಗೆ ಜ್ವರ ಬಂದಿತ್ತು. ಹಳೇ ಥರ್ಮಾಮೀಟರ್ ಜಾಡಿಸಲು ಹೋಗಿ ಟ್ರಂಕಿನ ಮೂಲೆಗೆ ಬಡಿದು ಒಡೆಯಿತು. ಪಾದರಸ ನೆಲದ ತುಂಬ ಗುಂಡು ಗುಂಡಾಗಿ ಓಡಾಡಿತು. ಕಸಬರಿಗೆಯಿಂದ ಬಳಿದು ಬಚ್ಚಲಿಗೆ ಹಾಕಿ ಎರಡು ಕೊಡ ನೀರು ಸುರಿದೆ. ಈಗ ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಬಂದಿದೆ, ಒಂದು ಥರ್ಮಾಮೀಟರಿನ ಪಾದರಸ ಸಾಕಂತೆ, ಇಡೀ ಕೆರೆಯ ಮೀನು ವಿಷವಾಗುತ್ತದಂತೆ. ನಮ್ಮ ಓಣಿಯ ಗಟಾರ ಹೋಗುವುದೇ ಕೆರೆ ಕಡೆಗೆ. ನಮ್ಮ ಮನೆಯವರು ವಾರಕ್ಕೊಮ್ಮೆ ಮೀನು ತರುತ್ತಾರೆ. ನಾನು ಊರಿಗೇ ವಿಷ ಹಾಕಿದೆನಾ? ರಾತ್ರಿ ನಿದ್ದೆ ಬರುತ್ತಿಲ್ಲ.
– ಒಬ್ಬ ಗೃಹಿಣಿ, ಉಣಕಲ್, ಹುಬ್ಬಳ್ಳಿ

ಉತ್ತರ: ಅಕ್ಕಾರೇ, ಮೊದಲು ನಿದ್ದೆ ಮಾಡಿ. ಆಮೇಲೆ ಆ ಕಸಬರಿಗೆ ಎಸೆಯಿರಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಆ ಮೆಸೇಜು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಅದರ ಹಿಂದೆ ಒಂದು ನಿಜವಾದ ಲೆಕ್ಕ ಇದೆ. ಉತ್ತರ ಅಮೆರಿಕದಲ್ಲಿ ಸುತ್ತಮುತ್ತ ಒಂದು ಕಾರ್ಖಾನೆಯೂ ಇಲ್ಲದ ಸರೋವರಗಳ ಮೀನಿನಲ್ಲಿ ಪಾದರಸ ಸಿಕ್ಕಿತು. ಎಲ್ಲಿಂದ ಬಂತು ಅಂತ ಹುಡುಕಿದರೆ, ಆಕಾಶದಿಂದ. ಕಲ್ಲಿದ್ದಲು ಸುಟ್ಟಾಗ ಹೊರಡುವ ಪಾದರಸದ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ ಮಳೆ, ದೂಳಿನ ಜೊತೆ ಇಳಿಯುತ್ತದೆ. ಅಂಥ ಕಡೆ ಒಂದು ಚದರ ಮೀಟರ್ ಜಾಗಕ್ಕೆ ವರ್ಷಕ್ಕೆ ಬೀಳುವುದು ಸುಮಾರು 10 ಮೈಕ್ರೋಗ್ರಾಂ. 25 ಎಕರೆಯ ಕೆರೆಗೆ ಗುಣಿಸಿ ನೋಡಿ, ಒಂದು ಗ್ರಾಂ ಆಗುತ್ತದೆ. ಥರ್ಮಾಮೀಟರ್ ಒಂದರಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ, ಒಂದು ತೊಗರಿ ಕಾಳಿನಷ್ಟು. ಯಾರೋ ಎರಡನ್ನೂ ಗಂಟು ಹಾಕಿ ಮೆಸೇಜು ಮಾಡಿಬಿಟ್ಟರು.

ಆದರೆ ಮಳೆಯ ಪಾದರಸ ನೀರಿನಲ್ಲಿ ಕರಗಿಕೊಂಡು, ಕೆರೆಯ ತುಂಬ ಹರಡಿಕೊಂಡು, ವರ್ಷ ವರ್ಷವೂ ಬರುವಂಥದ್ದು. ನಿಮ್ಮದು ಲೋಹದ ಗುಂಡು. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಅದು ಗಟಾರದ ಯಾವುದೋ ತಿರುವಿನಲ್ಲಿ ಜೋಪಾನವಾಗಿ ಕೂತಿರುತ್ತದೆ. ಹಾಗೇ ಮೀನಿನ ಬಾಯಿಗೆ ಬಿದ್ದರೂ ಹೆಚ್ಚೇನೂ ಆಗುವುದಿಲ್ಲ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮನುಷ್ಯರ ಹೊಟ್ಟೆಯೂ ಲೋಹದ ಪಾದರಸವನ್ನು ಹೀರಿಕೊಳ್ಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಮೀನಿನ ಮಾಂಸದೊಳಗೆ ಸೇರಬೇಕಾದರೆ ಪಾದರಸ ಎರಡು ಸಲ ವೇಷ ಬದಲಿಸಬೇಕು.

ಮೊದಲನೆಯದು ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಗಾಳಿ, ನೀರು, ಉಪ್ಪಿನ ಸಹವಾಸದಲ್ಲಿ ಲೋಹ ನಿಧಾನವಾಗಿ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಲವಣವಾಗುತ್ತದೆ. ಇದಕ್ಕೆ ಕಾಲ ಹಿಡಿಯುತ್ತದೆ. ಎರಡನೆಯದು ನಡೆಯುವುದು ಕೆರೆಯ ತಳದ ರಾಡಿಯಲ್ಲಿ, ನಿಜವಾದ ಕಿತಾಪತಿ ಇರುವುದೂ ಅಲ್ಲೇ.

ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯಂಚಿನ ಕೆಸರಿಗೆ ಒಂದು ಕೋಲು ಚುಚ್ಚಿ ನೋಡಿ. ಮೇಲಿನ ಒಂದೆರಡು ಬೆರಳಿನಷ್ಟು ಕಂದು. ಅದರ ಕೆಳಗೆ ಡಾಂಬರಿನ ಹಾಗೆ ಕಪ್ಪು. ಕೋಲು ಕಿತ್ತ ಕೂಡಲೇ ಕೊಳೆತ ಮೊಟ್ಟೆಯ ನಾತ. ನಾನು ಸಣ್ಣವನಿದ್ದಾಗ ನಮ್ಮೂರ ಕೆರೆಯಲ್ಲಿ ಎಮ್ಮೆ ತೊಳೆಯಲು ಇಳಿದರೆ ಮೊಣಕಾಲಿನ ತನಕ ಆ ಕಪ್ಪು ಹತ್ತುತ್ತಿತ್ತು, ಜೊತೆಗೆ ಬರುತ್ತಿದ್ದ ಚಿಕ್ಕಮ್ಮನ ಬೆಳ್ಳಿ ಕಾಲುಂಗುರ ಕರ್ರಗಾಗಿ ಅವಳು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಬೆಳ್ಳಿಯನ್ನು ಕಪ್ಪು ಮಾಡಿದ್ದು ಆ ನಾತದ ಅನಿಲವೇ, ಅಂದರೆ ಹೈಡ್ರೋಜನ್ ಸಲ್ಫೈಡ್.

ಆ ಕಪ್ಪು ಪದರದಲ್ಲಿ ಆಮ್ಲಜನಕ ಇಲ್ಲ. ಮೇಲಿನಿಂದ ಬಿದ್ದ ಎಲೆ, ಸಗಣಿ, ಚರಂಡಿ ಹೊಲಸು ಎಲ್ಲ ಕೊಳೆಯುವಾಗ ಇದ್ದಬದ್ದ ಆಮ್ಲಜನಕ ಖರ್ಚಾಗಿರುತ್ತದೆ. ಆದರೂ ಅಲ್ಲಿ ಬದುಕುವವರು ಇದ್ದಾರೆ. ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟ್ ಉಸಿರಾಡುತ್ತವೆ, ಕೆಲವು ಕಬ್ಬಿಣದ ತುಕ್ಕನ್ನು. ಗೋಬರ್ ಗ್ಯಾಸ್ ತಯಾರಿಸುವ ಜಾತಿಯವೂ ಅಲ್ಲಿರುತ್ತವೆ. ಇವುಗಳಲ್ಲಿ ಎಲ್ಲವೂ ಅಲ್ಲ, ಕೆಲವು ಮಾತ್ರ, ಪಾದರಸದ ಲವಣ ಒಳಗೆ ಬಂದರೆ ಅದಕ್ಕೆ ಒಂದು ಇಂಗಾಲ, ಮೂರು ಜಲಜನಕ ಇರುವ ಪುಟ್ಟ ಗುಂಪನ್ನು ಅಂಟಿಸಿ ಹೊರಗೆ ಬಿಡುತ್ತವೆ. ಆ ಗುಂಪಿನ ಹೆಸರು ಮೀಥೈಲ್. ಹೊರಗೆ ಬಂದದ್ದು ಮೀಥೈಲ್ ಪಾದರಸ.

ರಾಡಿಯೊಳಗಿನ ಜೀವಿಗಳು ಈ ಕೆಲಸ ಮಾಡುತ್ತವೆ ಅಂತ 1969ರಲ್ಲಿ ಸ್ವೀಡನ್ನಿನ ಯೆನ್ಸನ್ ಮತ್ತು ಯೆರ್ನೆಲೋವ್ ತೋರಿಸಿದರು. ಅಕ್ವೇರಿಯಂ ತೊಟ್ಟಿಯ ಕೆಸರಿಗೆ ಪಾದರಸದ ಲವಣ ಹಾಕಿ ಕಾದರು, ಮೀಥೈಲ್ ಪಾದರಸ ಹುಟ್ಟಿತು. ಯಾವ ಜೀನು ಇದನ್ನು ಮಾಡಿಸುತ್ತದೆ ಅಂತ ಗೊತ್ತಾಗಲು 2013 ಬರಬೇಕಾಯಿತು. ಎರಡು ಜೀನುಗಳು, ಎಚ್‌ಜಿಸಿಎ ಮತ್ತು ಎಚ್‌ಜಿಸಿಬಿ. ಎರಡೂ ಇದ್ದರೆ ಮಾತ್ರ ಕೆಲಸ ನಡೆಯುತ್ತದೆ, ಒಂದನ್ನು ತೆಗೆದರೂ ನಿಂತುಹೋಗುತ್ತದೆ. ಮೀಥೈಲನ್ನು ಕೈಯಿಂದ ಕೈಗೆ ದಾಟಿಸುವುದು ನಮ್ಮ ಬಿ12 ವಿಟಮಿನ್ ಕುಲಕ್ಕೇ ಸೇರಿದ ಒಂದು ಅಣು.

ಒಂದು ಸಣ್ಣ ಗುಂಪು ಅಂಟಿದ್ದಕ್ಕೆ ಇಷ್ಟು ಗಲಾಟೆ ಯಾಕೆ ಅಂತೀರಾ? ಈಗ ನಮ್ಮ ಕರುಳು ಅದರಲ್ಲಿ ನೂರಕ್ಕೆ 95ರಷ್ಟನ್ನು ಹೀರಿಕೊಳ್ಳುತ್ತದೆ. ಪ್ರೋಟೀನಿನಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅದು ನಾವು ದಿನಾ ತಿನ್ನುವ ಒಂದು ಅಮೈನೋ ಆಮ್ಲದ ಹಾಗೆ ಕಾಣಿಸುತ್ತದೆ. ಮೆದುಳಿನ ಬಾಗಿಲು ಕಾಯುವವನು ಮೋಸ ಹೋಗಿ ಒಳಗೆ ಬಿಟ್ಟುಬಿಡುತ್ತಾನೆ. ಬಸುರಿಯ ಹೊಟ್ಟೆಯ ಮಗುವಿಗೂ ಹಾಗೇ ದಾಟುತ್ತದೆ, ಬೆಳೆಯುವ ಮೆದುಳಿಗೆ ಪೆಟ್ಟು ಜಾಸ್ತಿ. ಒಳಗೆ ಹೋದದ್ದರಲ್ಲಿ ಅರ್ಧ ಹೊರಗೆ ಬರಲು ಸುಮಾರು 50 ದಿನ ಬೇಕು.

ಮೀನಿನ ಕಥೆಯೂ ಇದೇ. ನೀರಿನಲ್ಲಿ ಲೆಕ್ಕಕ್ಕೂ ಸಿಗದಷ್ಟು ಇರುತ್ತದೆ. ಪಾಚಿ ಅದನ್ನು ಸಾವಿರಾರು ಪಟ್ಟು ಕೂಡಿಹಾಕುತ್ತದೆ. ಪಾಚಿಯನ್ನು ನೀರುಹುಳ ತಿನ್ನುತ್ತದೆ, ಹುಳವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು. ತಿಂದದ್ದು ಬೇಗ ಹೊರಗೆ ಹೋಗದ ಕಾರಣ ಮೇಲೆ ಹೋದಂತೆಲ್ಲ ದಪ್ಪವಾಗುತ್ತದೆ. ಬೇಟೆಯಾಡಿ ಬದುಕುವ ಮುದಿ ಮೀನಿನಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಇರಬಹುದು. ಸಾಲ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ ಬಡ್ಡಿ ಬೆಳೆದ ಹಾಗೆ.

ಈಗ ನನ್ನ ತಕರಾರು ಹೇಳುತ್ತೇನೆ. ಒಡೆದ ಥರ್ಮಾಮೀಟರಿಗೆ ನಿದ್ದೆಗೆಡುತ್ತೀರಿ, ಅದೇ ಗಟಾರದಲ್ಲಿ ಇಡೀ ಓಣಿಯ ಹೊಲಸು ಕೆರೆಗೆ ಹೋಗುವುದಕ್ಕೆ ಯಾರೂ ನಿದ್ದೆ ಕೆಡಿಸಿಕೊಂಡಿಲ್ಲ, ಅಲ್ವಾ? ಆಮ್ಲಜನಕ ತೆಗೆಯುವುದು ಆ ಹೊಲಸೇ, ಬ್ಯಾಕ್ಟೀರಿಯಾಗಳಿಗೆ ಊಟ ಹಾಕುವುದೂ ಅದೇ. ಹೊಲಸಿನ ಮೇಲೆ ಕೊಬ್ಬುವ ಅಂತರಗಂಗೆ ಬೆಳಕು ಗಾಳಿ ಎರಡನ್ನೂ ತಡೆದು ತನ್ನ ಬೇರಿನ ಸಂದಿಯಲ್ಲೇ ಈ ಜೀವಿಗಳಿಗೆ ಜಾಗ ಕೊಡುತ್ತದೆ. ಪಾದರಸ ಅಷ್ಟೇ ಇದ್ದರೂ ಒಂದು ಕೆರೆಯಲ್ಲಿ ವಿಷ ಜಾಸ್ತಿ ಹುಟ್ಟುತ್ತದೆ, ಇನ್ನೊಂದರಲ್ಲಿ ಕಡಿಮೆ. ತಿಳಿನೀರಿನ ಕೆರೆಯಲ್ಲಿ ಬಿಸಿಲೇ ಮೀಥೈಲ್ ಪಾದರಸವನ್ನು ಒಡೆದು ಹಾಕುತ್ತದೆ, ಅದನ್ನು ಬಿಡಿಸುವ ಬೇರೆ ಬ್ಯಾಕ್ಟೀರಿಯಾಗಳೂ ಇವೆ. ತಮಾಷೆ ಅಂದರೆ ನಾತದ ಅನಿಲ ತೀರಾ ಜಾಸ್ತಿಯಾದರೆ ಪಾದರಸ ಗಂಧಕದ ಜೊತೆ ಗಟ್ಟಿಯಾಗಿ ಕೂತು ಬ್ಯಾಕ್ಟೀರಿಯಾಗಳ ಕೈಗೇ ಸಿಗುವುದಿಲ್ಲ. ಹಾಗಂತ ಕೆರೆಯನ್ನು ಇನ್ನೂ ಹೊಲಸು ಮಾಡಿ ಅಂತ ಯಾರೂ ಹೇಳುವುದಿಲ್ಲ ಬಿಡಿ.

ಮೀನು ತಿನ್ನಿ. ಯಾವ ಮೀನು ಅನ್ನುವುದಷ್ಟೇ ಮುಖ್ಯ. ಕಾಟ್ಲಾ, ರೋಹು ಪಾಚಿ, ಸಣ್ಣ ಹುಳ ತಿಂದು ಬೆಳೆಯುವಂಥವು, ಒಂದೆರಡು ವರ್ಷದಲ್ಲೇ ಮಾರಾಟಕ್ಕೆ ಬರುತ್ತವೆ. ಬಾಳೆ ಮೀನು ಬೇರೆ ಮೀನು ನುಂಗಿ ಬೆಳೆಯುವುದು, ಹಾಗಾಗಿ ಅದನ್ನು ಅಪರೂಪಕ್ಕೆ ಇಟ್ಟುಕೊಳ್ಳಿ. ಕಾರವಾರ, ಗೋವಾ ಕಡೆಯಿಂದ ಬರುವ ಸಮುದ್ರದ ಮೀನಿನಲ್ಲಿ ತಾರ್ಲಿ, ಅಂದರೆ ಬೂತಾಯಿ, ಒಳ್ಳೆಯದು, ಬಡವರ ಮೀನು ಅಂತ ಮೂಗು ಮುರಿಯಬೇಡಿ. ಅಮೆರಿಕದವರು ಅಳೆದ ಸರಾಸರಿ ನೋಡಿದರೆ ಒಂದು ಕಿಲೋ ತಾರ್ಲಿ ಜಾತಿಯ ಮೀನಿನಲ್ಲಿ 0.013 ಮಿಲಿಗ್ರಾಂ ಪಾದರಸ, ಶಾರ್ಕಿನಲ್ಲಿ 0.979. ಅರವತ್ತು ಕಿಲೋ ತೂಕದವರು ವಾರಕ್ಕೆ 96 ಮೈಕ್ರೋಗ್ರಾಂ ಮೀಥೈಲ್ ಪಾದರಸ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಲೆಕ್ಕದಿಂದ ಬರುತ್ತದೆ. ಕಾಲು ಕಿಲೋ ತಾರ್ಲಿ ತಿಂದರೆ ಮೂರು ಮೈಕ್ರೋಗ್ರಾಂ ಚಿಲ್ಲರೆ. ಕಾಲು ಕಿಲೋ ಶಾರ್ಕ್ ತಿಂದರೆ ಒಂದೇ ಊಟದಲ್ಲಿ ಎರಡೂವರೆ ವಾರದ ಕೋಟಾ ಮುಗಿಯಿತು. ಬಸುರಿಯರು, ಹಾಲುಣಿಸುವವರು, ಸಣ್ಣ ಮಕ್ಕಳು ಶಾರ್ಕ್ ಬಿಟ್ಟರೇ ಒಳ್ಳೆಯದು. ಇನ್ನೊಂದು ಮಾತು, ಇದು ಕೊಬ್ಬಿನಲ್ಲಿ ಕೂರುವ ವಿಷ ಅಲ್ಲ, ಮಾಂಸದಲ್ಲಿ ಕೂರುವುದು. ಚರ್ಮ ಸುಲಿದರೂ, ಹುಳಿ ಹಾಕಿ ಕುದಿಸಿದರೂ, ಎಣ್ಣೆಯಲ್ಲಿ ಕರಿದರೂ ಹೋಗುವುದಿಲ್ಲ.

ಇನ್ನು ಕಸಬರಿಗೆ. ಲೋಹದ ಪಾದರಸದಿಂದ ನಿಮ್ಮ ಮನೆಗೆ ಅಪಾಯ ಇದ್ದರೆ ಅದು ಆವಿಯಿಂದ, ಉಸಿರಿನಲ್ಲಿ ಒಳಗೆ ಹೋದ ಆವಿಯಲ್ಲಿ ನೂರಕ್ಕೆ 80 ಪಾಲು ದೇಹದಲ್ಲೇ ಉಳಿಯುತ್ತದೆ. ಗುಡಿಸಿದರೆ ಒಂದು ಗುಂಡು ನೂರಾಗುತ್ತದೆ, ಆವಿ ಅಷ್ಟೂ ಜಾಸ್ತಿ. ಕಡ್ಡಿಗಳ ನಡುವೆ ಇನ್ನೂ ಸಿಕ್ಕಿಕೊಂಡಿರುತ್ತದೆ. ಅದನ್ನು ಸುಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೊಡಿ. ನೆಲದ ಬಿರುಕುಗಳನ್ನು ರಾತ್ರಿ ಟಾರ್ಚ್ ಹಿಡಿದು ನೋಡಿ, ಹೊಳೆದರೆ ಅಲ್ಲಿದೆ. ಅದರ ಮೇಲೆ ಗಂಧಕದ ಪುಡಿ ಉದುರಿಸಿ. ಪಾದರಸಕ್ಕೂ ಗಂಧಕಕ್ಕೂ ಹಳೇ ನಂಟು, ಆಯುರ್ವೇದದ ವೈದ್ಯರು ಎರಡನ್ನೂ ಅರೆದು ಕಜ್ಜಲಿ ಮಾಡುವುದು ಕೇಳಿರುತ್ತೀರಿ. ಮುಂದೆ ಯಾವಾಗಾದರೂ ಒಡೆದರೆ ಕಿಟಕಿ ತೆಗೆದು, ಫ್ಯಾನ್ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ, ಲಗ್ನಪತ್ರಿಕೆಯಂಥ ಗಟ್ಟಿ ಕಾಗದದಿಂದ ಗುಂಡುಗಳನ್ನು ಒಂದುಗೂಡಿಸಿ ಮುಚ್ಚಳದ ಬಾಟಲಿಗೆ ಹಾಕಿ, ಮೇಲೆ ಒಂದಿಷ್ಟು ನೀರು ಬಿಟ್ಟು ಮುಚ್ಚಿಡಿ. ಒಡೆದ ಥರ್ಮಾಮೀಟರ್, ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬು ಇವೆಲ್ಲ ಮನೆಯ ಅಪಾಯಕಾರಿ ಕಸ. ಪಾಲಿಕೆಯ ಗಾಡಿಗೆ ಬೇರೆ ಕಟ್ಟಿ, ಮೇಲೆ ‘ಪಾದರಸ’ ಅಂತ ಬರೆದು ಕೊಡಬೇಕು.

ಚಿನ್ನದ ಬಳೆ, ಉಂಗುರ ತೆಗೆದಿಟ್ಟು ಈ ಕೆಲಸ ಮಾಡಿ. ಲ್ಯಾಬಿನಲ್ಲಿ ಚೆಲ್ಲಿದ ಬ್ಯಾರೋಮೀಟರಿನ ಪಾದರಸವನ್ನು ಬರಿಗೈಯಲ್ಲಿ ಎತ್ತಿ ನನ್ನ ಮದುವೆಯ ಉಂಗುರ ಬೆಳ್ಳಗಾಗಿ ಹೋಗಿತ್ತು. ಮನೆಯಲ್ಲಿ ಆ ವಿಚಾರ ಇವತ್ತಿಗೂ ಮುಗಿದಿಲ್ಲ.

ಪ್ರಶ್ನೆ: ನಮ್ಮ ಅಟ್ಟದ ಮೇಲೆ ಅಪ್ಪನ ಕಾಲದ ಒಂದು ಡಬ್ಬಿ ಸಿಕ್ಕಿದೆ. ಕಬ್ಬಿನ ಬೀಜದ ತುಂಡು ಅದ್ದುತ್ತಿದ್ದ ಪಾದರಸದ ಔಷಧವಂತೆ. ಇನ್ನೂ ಅರ್ಧ ಇದೆ. ಬಳಸಬಹುದಾ? ಭತ್ತದ ಗದ್ದೆಯಲ್ಲೂ ನೀರು ನಿಲ್ಲುತ್ತದೆ, ಅಲ್ಲೂ ನೀವು ಹೇಳುವ ಹಾಗೆ ಆಗುತ್ತದಾ?
– ಒಬ್ಬ ರೈತ, ಹಾನಗಲ್ಲ ತಾಲ್ಲೂಕು, ಹಾವೇರಿ ಜಿಲ್ಲೆ

ಉತ್ತರ: ಬಳಸಬೇಡಿ ಯಜಮಾನ್ರೇ. ಕಬ್ಬು, ಆಲೂಗಡ್ಡೆ ಬೀಜೋಪಚಾರಕ್ಕೆ ಬರುತ್ತಿದ್ದ ಮಿಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ ನಿಷೇಧಿಸಿದೆ. ಡಬ್ಬಿಯನ್ನು ಹೂಳಬೇಡಿ, ಹಳ್ಳಕ್ಕೆ ತೊಳೆಯಬೇಡಿ, ಖಾಲಿ ಮಾಡಿ ಕಾಳು ತುಂಬಿಡುವ ಯೋಚನೆಯಂತೂ ಬೇಡವೇ ಬೇಡ. ಮುಚ್ಚಳ ಬಿಗಿ ಮಾಡಿ ಬೀಗದಲ್ಲಿಟ್ಟು ರೈತ ಸಂಪರ್ಕ ಕೇಂದ್ರದವರನ್ನು ಕೇಳಿ.

ಇಷ್ಟು ಹೆದರಿಸುವುದಕ್ಕೆ ಕಾರಣ ಇದೆ. 1971ರಲ್ಲಿ ಇರಾಕಿಗೆ ಬಿತ್ತನೆಗೆಂದು ಹೊರದೇಶದಿಂದ ಗೋಧಿ ಬಂತು. ಅದಕ್ಕೆ ಹಚ್ಚಿದ್ದು ಸಾಕ್ಷಾತ್ ಮೀಥೈಲ್ ಪಾದರಸ. ತಿನ್ನಬಾರದು ಅಂತ ಬಣ್ಣ ಹಾಕಿದ್ದರು, ಚೀಲದ ಮೇಲಿನ ಎಚ್ಚರಿಕೆ ಅಲ್ಲಿನವರಿಗೆ ಬಾರದ ಭಾಷೆಯಲ್ಲಿತ್ತು. ಜನ ತೊಳೆದರು, ಬಣ್ಣ ಹೋಯಿತು, ವಿಷವೂ ಹೋಯಿತು ಅಂದುಕೊಂಡರು. ಕೆಲವರು ಜಾಣತನ ಮಾಡಿ ಮೊದಲು ಕೋಳಿಗೆ ಹಾಕಿ ನೋಡಿದರು. ಕೋಳಿಗೆ ಏನೂ ಆಗಲಿಲ್ಲ. ಈ ವಿಷ ವಾರಗಟ್ಟಲೆ ಸುಮ್ನೆ ಕೂತು ಆಮೇಲೆ ಕೈಕಾಲು ಜುಮ್ಮೆನ್ನಿಸಲು ಶುರು ಮಾಡುವಂಥದ್ದು. ರೊಟ್ಟಿ ಮಾಡಿಕೊಂಡು ತಿಂದರು. ಆಸ್ಪತ್ರೆ ಸೇರಿದವರೇ 6,530 ಜನ, ಅವರಲ್ಲಿ 459 ಮಂದಿ ಸತ್ತರು.

ನಿಮ್ಮ ಡಬ್ಬಿಯಲ್ಲಿರುವುದು ಅದೇ ಅಲ್ಲ, ಅದರ ದಾಯಾದಿ. ಮಣ್ಣಿನಲ್ಲಿ ಬೇಗ ಒಡೆದು ಪಾದರಸದ ಲವಣವಾಗುತ್ತದೆ. ಆ ಲವಣ ಇರುವ ಕಡೆ ನೀರು ನಿಂತರೆ ಕೆರೆಯ ಕಥೆ ಗದ್ದೆಯಲ್ಲೂ ನಡೆಯುತ್ತದೆ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಚೀನಾದ ಗುಯಿಝೋ ಪ್ರಾಂತ್ಯದ ವಾನ್‌ಶಾನ್‌ನಲ್ಲಿ ಪಾದರಸದ ಗಣಿಗಳಿದ್ದವು. ಅಲ್ಲಿನ ಜನರಿಗೆ ಮೀಥೈಲ್ ಪಾದರಸ ಬಂದದ್ದು ಮೀನಿನಿಂದ ಅಲ್ಲ, ಅನ್ನದಿಂದ. ನಮ್ಮಲ್ಲಿ ಅಂಥ ಗಣಿ ಇಲ್ಲ, ಅನ್ನಕ್ಕೆ ಹೆದರಬೇಡಿ. ನಿಮ್ಮ ಕಡೆ ಕೂರಿಗೆಯಲ್ಲಿ ಬಿತ್ತುವ ಭತ್ತ ಮೊದಲ ದಿನಗಳನ್ನು ಒಣ ನೆಲದಲ್ಲೇ ಕಳೆಯುತ್ತದೆ. ನಡುವೆ ನೆಲಕ್ಕೆ ಗಾಳಿ ಆಡಿದಷ್ಟೂ ಆ ಬ್ಯಾಕ್ಟೀರಿಯಾಗಳಿಗೆ ಕಷ್ಟ.

ಪ್ರಶ್ನೆ: ಸರ್, ನಾನು ಪಿಯುಸಿ ಎರಡನೇ ವರ್ಷ. ಜಪಾನಿನ ಮಿನಮಾಟ ಊರಿನ ಕಾರ್ಖಾನೆ ಸಮುದ್ರಕ್ಕೆ ಪಾದರಸ ಬಿಟ್ಟಿತು, ಸಮುದ್ರದ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡಿತು ಅಂತ ನೋಟ್ಸಿನಲ್ಲಿದೆ. ನೀವೂ ಹಾಗೇ ಹೇಳುತ್ತೀರಾ?
– ಒಬ್ಬ ವಿದ್ಯಾರ್ಥಿ, ಗದಗ

ಉತ್ತರ: ಇಲ್ಲ ತಮ್ಮಾ. ನೋಟ್ಸು ಬ್ಯಾಕ್ಟೀರಿಯಾ ಮೇಲೆ ಸುಳ್ಳು ಆರೋಪ ಹೊರಿಸುತ್ತಿದೆ. ಬಹಳ ವರ್ಷ ಎಲ್ಲರೂ ಹಾಗೇ ನಂಬಿದ್ದರು. ಚಿಸ್ಸೋ ಕಂಪನಿಯ ಆ ಕಾರ್ಖಾನೆ 1932ರಿಂದ 1968ರ ತನಕ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು, ಪಾದರಸದ ಸಲ್ಫೇಟ್ ಅದಕ್ಕೆ ವೇಗವರ್ಧಕ. ಆ ಪಾತ್ರೆಯೊಳಗೇ ಸ್ವಲ್ಪ ಪಾದರಸ ಮೀಥೈಲ್ ಪಾದರಸವಾಗುತ್ತಿತ್ತು. ಅಂದರೆ ವಿಷ ಬಹುಪಾಲು ಸಿದ್ಧವಾಗಿಯೇ ಸಮುದ್ರಕ್ಕೆ ಹೋಯಿತು.

ಅಲ್ಲಿನ ಮೀನು ತಿಂದು ಮೊದಲು ಹುಚ್ಚು ಹಿಡಿದ ಹಾಗೆ ಕುಣಿದು ಸತ್ತದ್ದು ಮೀನುಗಾರರ ಬೆಕ್ಕುಗಳು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹೊಸೊಕಾವಾ ಅವರು ಜನರಿಗೆ ಗೊತ್ತಿಲ್ಲದ ರೋಗ ಬಂದಿದೆ ಅಂತ ಸರ್ಕಾರಕ್ಕೆ ತಿಳಿಸಿದರು. 1959ರಲ್ಲಿ ಅವರೇ ಕಾರ್ಖಾನೆಯ ಹೊಲಸು ನೀರನ್ನು ಊಟದಲ್ಲಿ ಬೆರೆಸಿ ಒಂದು ಬೆಕ್ಕಿಗೆ ಹಾಕಿದರು. ಆ ಬೆಕ್ಕಿನ ಸಂಖ್ಯೆ 400. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ವಿಷಯ ಮುಚ್ಚಿಟ್ಟಿತು. ಕಾರಣ ಇದೇ ಅಂತ ಸರ್ಕಾರ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ. ಒಂಬತ್ತು ವರ್ಷ! ಪಾದರಸ ಕಡಿಮೆ ಮಾಡಲು ದೇಶಗಳು 2013ರಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ಆ ಊರಿನದೇ ಹೆಸರು, ಭಾರತವೂ 2018ರಲ್ಲಿ ಸೇರಿದೆ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂತ ಮಾತ್ರ ನನ್ನನ್ನು ಕೇಳಬೇಡ. ಮೇಷ್ಟ್ರಿಗೆ ಈ ಅಂಕಣ ತೋರಿಸು.

ಪ್ರಶ್ನೆ: ನಮ್ಮ ಮಾವ ಹುಬ್ಬಳ್ಳಿಯ ಬಂಗಾರದ ಅಂಗಡಿಗಳ ಮುಂದಿನ ದೂಳು ಗುಡಿಸಿ ತಂದು ತೊಳೆದು, ಪಾದರಸ ಹಾಕಿ ತಿಕ್ಕಿ, ಅಡುಗೆಮನೆಯ ಒಲೆ ಮೇಲೆ ಕಾಸಿ ಬಂಗಾರ ತೆಗೆಯುತ್ತಾರೆ. ಈಗ ಅವರ ಕೈ ನಡುಗುತ್ತದೆ. ವಯಸ್ಸಾಯಿತು ಅನ್ನುತ್ತಾರೆ. ಇದೂ ಮೀಥೈಲ್ ಪಾದರಸವೇ?
– ಒಬ್ಬ ಸೊಸೆ, ಗದಗ

ಉತ್ತರ: ಅಲ್ಲ ತಂಗಿ, ಆದರೆ ಇದು ಆ ಥರ್ಮಾಮೀಟರಿನ ಅಕ್ಕನ ಪ್ರಶ್ನೆಗಿಂತ ಗಂಭೀರ. ಕಾಸಿದಾಗ ಬಂಗಾರ ಉಳಿಯುತ್ತದೆ, ಪಾದರಸ ಆವಿಯಾಗಿ ಮಾವನ ಎದೆಗೂ, ನಿಮ್ಮ ರೊಟ್ಟಿ ಹಂಚಿಗೂ, ಗೋಡೆಗೂ ಹೋಗುತ್ತದೆ. ಕೈ ನಡುಕ, ಒಸಡು ಬಾವು, ಸುಮ್ಮಸುಮ್ಮನೆ ಸಿಟ್ಟು, ಇವು ಆವಿಯ ಗುರುತುಗಳು. ವಯಸ್ಸಿನಿಂದಲೂ ನಡುಗಬಹುದು, ಅದನ್ನು ಹೇಳಬೇಕಾದವರು ಡಾಕ್ಟರು. ಮೂತ್ರದಲ್ಲಿ ಪಾದರಸ ಎಷ್ಟಿದೆ ಅಂತ ಪರೀಕ್ಷೆ ಇದೆ. ಮಾವ ಮಾಡುವ ಕೆಲಸವನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ. ಒಲೆ ಇವತ್ತೇ ನಿಲ್ಲಲಿ.

ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಹೀಗೆ ಸಣ್ಣದಾಗಿ ಬಂಗಾರ ತೆಗೆಯುವವರದೇ. 2015ರ ಲೆಕ್ಕದಲ್ಲಿ ಒಟ್ಟು ಸುಮಾರು 2,220 ಟನ್, ಅದರಲ್ಲಿ ಇವರದು ನೂರಕ್ಕೆ 38 ಪಾಲು. ಕಪ್ಪತಗುಡ್ಡದ ಹಳ್ಳಗಳ ಮರಳು ಜಾಲಿಸಿ ಬಂಗಾರದ ಪುಡಿ ತೆಗೆಯುತ್ತಿದ್ದ ಜಾಲಗಾರರ ಸೀಮೆ ನಿಮ್ಮದು. ಮಾವನಿಗೆ ಕಸುಬು ಬಿಡಿ ಅಂದರೆ ಕೇಳಲಿಕ್ಕಿಲ್ಲ. ಪಾದರಸ ಬಿಡಿ ಅಂದು ನೋಡಿ.

ಪ್ರಶ್ನೆ: ಮಕ್ಕಳ ಲಸಿಕೆಯಲ್ಲಿ ಪಾದರಸ ಇದೆಯಂತೆ, ಹಾಕಿಸಬೇಕಾ ಬೇಡವಾ?
– ಒಬ್ಬ ತಂದೆ, ರಾಣೇಬೆನ್ನೂರು

ಉತ್ತರ: ಹಾಕಿಸಿ. ಒಂದೇ ಬಾಟಲಿಯಿಂದ ಹತ್ತು ಮಕ್ಕಳಿಗೆ ಕೊಡುವ ಕೆಲವು ಲಸಿಕೆಗಳಲ್ಲಿ ಸೂಕ್ಷ್ಮಜೀವಿ ಬೆಳೆಯದಿರಲಿ ಅಂತ ಥಯೋಮರ್ಸಾಲ್ ಹಾಕಿರುತ್ತಾರೆ. ಅದು ದೇಹದಲ್ಲಿ ಈಥೈಲ್ ಪಾದರಸವಾಗುತ್ತದೆ, ಮೀಥೈಲ್ ಅಲ್ಲ. ಹೆಸರು ಒಂದೇ ತರ ಕೇಳಿಸುತ್ತದೆ ಅಷ್ಟೇ. ಈಥೈಲ್ ಆಲ್ಕೋಹಾಲ್ ಕುಡಿದವನು ಮರುದಿನ ತಲೆನೋವು ಅಂತ ಏಳುತ್ತಾನೆ, ಮೀಥೈಲ್ ಕುಡಿದವನ ಕಣ್ಣೇ ಹೋಗುತ್ತದೆ. ಈಥೈಲ್ ಪಾದರಸ ರಕ್ತದಲ್ಲಿ ವಾರದೊಳಗೆ ಅರ್ಧಕ್ಕಿಳಿಯುತ್ತದೆ, ಕೂಡಿಕೊಳ್ಳುತ್ತಾ ಹೋಗುವುದಿಲ್ಲ. ಸೂಜಿ ಚುಚ್ಚಿದ ರಾತ್ರಿ ಮಗು ಅತ್ತು ಅತ್ತು ನಿಮ್ಮ ನಿದ್ದೆ ಕೆಡಿಸುತ್ತದೆ, ಅದಕ್ಕೆ ಪಾದರಸ ಕಾರಣ ಅಲ್ಲ.